ಎರಡು ಕಡೆಯ ಎಳನೀರು

ನನ್ನ ಅಕ್ಕನ ಅಡುಗೆಮನೆಯಲ್ಲಿ ಒಂದು ಸಣ್ಣ ಸ್ಟೀಲ್ ಚೊಂಬಿದೆ. ಬೆಳಿಗ್ಗೆ ಅದನ್ನು ತುಂಬಿ ಮುಚ್ಚಿಡುತ್ತಾಳೆ. ಮಾತ್ರೆ ನುಂಗುವುದಕ್ಕೂ ಬಾಯಾರಿಕೆಗೂ ಕಾಫಿಗೂ ಆ ದಿನದ ನೀರು ಅಷ್ಟೇ. ನಾಲೆಯ ದಂಡೆಯಲ್ಲಿ, ಕಬ್ಬಿಗೂ ಭತ್ತಕ್ಕೂ ಹರಿದು ಮಿಕ್ಕುವಷ್ಟು ನೀರನ್ನು ನೋಡುತ್ತ ಬೆಳೆದವಳು ಈಗ ಒಂದೊಂದು ಗುಟುಕನ್ನೂ ಅನುಮಾನದಿಂದ ನುಂಗುತ್ತಾಳೆ. ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಮಳವಳ್ಳಿ ಕಡೆಯ ತನ್ನ ಹಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುತ್ತಾಳೆ. ಮುಗಿದ ಮೇಲೆ ಅದೇ ಊರಿನ ಗುತ್ತಲು ಬಡಾವಣೆಯ ನಮ್ಮ ಮನೆಯಲ್ಲಿ ತುಸು ಮಲಗಿ ಸಂಜೆಯ ಬಸ್ಸು ಹಿಡಿಯುತ್ತಾಳೆ.

ಖರ್ಚು ಸರ್ಕಾರದ ಆರೋಗ್ಯ ಯೋಜನೆಯದು. ಅದನ್ನು ತಂದದ್ದು ಒಂದು ಪಕ್ಷ. ರದ್ದುಮಾಡಿ ಬೇರೆಯದನ್ನು ತರುತ್ತೇವೆ ಎನ್ನುತ್ತಿರುವುದು ಇನ್ನೊಂದು. ಟೀವಿಯಲ್ಲಿ ಈ ಜಗಳ ಶುರುವಾದರೆ ನೀವು ಚಾನೆಲ್ ಬದಲಿಸಬಹುದು. ನಮಗೆ ಆ ಸುಖವಿಲ್ಲ, ಏಕೆಂದರೆ ಎರಡು ಪಕ್ಷಗಳೂ ನಮ್ಮ ನೆಂಟರೊಳಗೇ ಇವೆ. ದೊಡ್ಡಪ್ಪನ ಮಗ ಬೋರಣ್ಣ ಹಳೆಯ ಯೋಜನೆಯ ಕಡೆ, ಅಕ್ಕನ ಮೈದುನ ಚಿಕ್ಕಣ್ಣ ಹೊಸದರ ಕಡೆ. ಅಕ್ಕನಿಗೆ ಡಯಾಲಿಸಿಸ್ ಪಾಳಿ ಬೇಕಾದಾಗ ಇಬ್ಬರೂ ಯಾರಿಗೋ ಫೋನು ಮಾಡಿದ್ದರು. ಯಾರ ಫೋನಿಗೆ ಕೆಲಸವಾಯಿತೋ, ಫೋನೇ ಇಲ್ಲದೆಯೂ ಆಗುತ್ತಿತ್ತೋ, ನನಗೆ ತಿಳಿಯದು. ಕೊಡಿಸಿದವನು ತಾನೇ ಎಂದು ಇಬ್ಬರೂ ಹೇಳುತ್ತಾರೆ. ಹಾಗಾಗಿ ಇಬ್ಬರಲ್ಲಿ ಯಾರು ಮುನಿದರೂ ತನ್ನ ಪಾಳಿ ತಪ್ಪೀತೆಂಬ ದಿಗಿಲು ಅಕ್ಕನದು. ಪಾಳಿ ತಪ್ಪಿದರೆ ತಾನು ಉಳಿಯುವುದಿಲ್ಲವೆಂಬುದೂ ಅವಳಿಗೆ ಗೊತ್ತು.

ಮೊನ್ನೆ ಮದ್ದೂರಿನ ಛತ್ರವೊಂದರಲ್ಲಿ ಚಿಕ್ಕಪ್ಪನ ಮಗಳ ಬೀಗರೂಟ. ಮುದ್ದೆ, ಮಟನ್ ಸಾರು ಮುಗಿಸಿದವರೆಲ್ಲ ಹೊರಗೆ ಕುರ್ಚಿ ಎಳೆದುಕೊಂಡಿದ್ದರು. ಸಪ್ಪೆ ಅನ್ನವನ್ನು ಎರಡು ತುತ್ತು ತಿಂದೆದ್ದ ಅಕ್ಕನನ್ನು ನಡುವೆ ಕೂರಿಸಿಕೊಂಡು ಬೋರಣ್ಣ, ಚಿಕ್ಕಣ್ಣ ಶುರುಮಾಡಿದರು.

"ಅದೂ ಒಂದ್ ಯೋಜ್ನೆನಾ ಭಾವ? ಕಿತ್ತಾಕಿ ಒಸಾದು ತತ್ತೀವಿ, ನೋಡ್ತಿರು" ಎಂದ ಚಿಕ್ಕಣ್ಣ.

"ಕಿತ್ತಾಕದು ಕಿತ್ತಾಕ್ತೀರ ಕಣ್ಲಾ. ಒಸಾದು ಬರೋಗಂಟ ನಮ್ ತಂಗ್ಯವ್ವ ಎಲ್ಲಿಗೋಗ್ಬೇಕು? ನಿಮ್ ಪಾರ್ಟಿ ಆಪೀಸ್ಗಾ?" ಎಂದ ಬೋರಣ್ಣ.

ಎಲ್ಲರೂ ನಕ್ಕರು. ಸೋತವನಂತೆ ಕಂಡ ಚಿಕ್ಕಣ್ಣ ಎದ್ದುಹೋಗಿ ಒಂದು ಎಳನೀರು ಕೆತ್ತಿಸಿಕೊಂಡು ಬಂದ. ಈ ಊರಿನಲ್ಲಿ ಕಾಯಿಲೆಯವರಿಗೆ ಎಳನೀರು ಕೊಡುವುದೆಂದರೆ ಮರ್ಯಾದೆ, ಮದ್ದು, ಪ್ರೀತಿ ಮೂರೂ ಹೌದು. ಆದರೆ ಅದರಲ್ಲಿರುವ ಪೊಟ್ಯಾಸಿಯಂ ಅನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು, ಅದು ಹೃದಯವನ್ನೇ ನಿಲ್ಲಿಸಬಹುದು ಎಂದು ಡಾಕ್ಟರು ನಮ್ಮಿಬ್ಬರಿಗೂ ಬಿಡಿಸಿ ಹೇಳಿದ್ದರು.

"ಕುಡೀರಿ ಅತ್ಗೆ. ನಮ್ದು ಬಂದ್ರೆ ಮಂಡ್ಯಕ್ಕೆ ಓಗದೇ ಬ್ಯಾಡ, ಮಳವಳ್ಳೀಲೇ ಮಾಡುಸ್ತೀವಿ."

ಅವಳು ಕುಡಿಯುವ ಹಾಗಿಲ್ಲ ಎಂದೆ.

"ಎಳ್ನೀರ್ ಕುಡುದು ಯಾರ್ ಸತ್ತವ್ರೆ, ಬುಡು ಕಣಮ್ಮ!"

ಅಕ್ಕ ನನ್ನ ಮುಖ ನೋಡಿದಳು, ಮೈದುನನ ಮುಖ ನೋಡಿದಳು, ಕುಡಿದಳು. ಅವಳು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಬೋರಣ್ಣ ಇನ್ನೊಂದನ್ನು ಹಿಡಿದು ನಿಂತಿದ್ದ. "ಅವನ್ ಕೊಟ್ಟಿದ್ ಅಮೃತ, ನಂದೇನ್ ವಿಸ್ವೇನವ್ವಾ?" ಅದನ್ನು ತಡೆಯಲು ನಾನು ಕೈ ಚಾಚಿದೆ. ಅಕ್ಕ ನನ್ನ ಕೈಯನ್ನು ಮೆಲ್ಲಗೆ ಸರಿಸಿ ಅದನ್ನೂ ಕುಡಿದಳು.

ಸಂಜೆ ನಮ್ಮ ಮನೆಯಲ್ಲಿ ಅವಳ ಕಾಲುಗಳು ಸೋತವು. ನಾಡಿ ಹುಡುಕಿದರೆ ಸಿಗುವುದು, ಮತ್ತೆ ಜಾರುವುದು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ; ನೋಡಿದವರೇ ಸೂಜಿಮದ್ದು ಕೊಟ್ಟು, ತಡಮಾಡದೆ ಡಯಾಲಿಸಿಸ್‌ಗೆ ಹಾಕಿದರು. ಬೋರಣ್ಣ, ಚಿಕ್ಕಣ್ಣ ಓಡಿಬಂದರು. ಇಬ್ಬರ ಕಣ್ಣುಗಳೂ ಒದ್ದೆಯಾಗಿದ್ದವು, ಅದರಲ್ಲಿ ನನಗೆ ಸಂಶಯವಿಲ್ಲ. ಜೀವಕ್ಕೆ ಅಪಾಯವಿಲ್ಲವೆಂದು ತಿಳಿದ ಮೇಲೆ ಬೋರಣ್ಣ ಬೆಂಚಿಗೊರಗಿ, "ಯೋಜ್ನೆ ಇದ್ದುದ್ಕೆ ಉಳುದ್ಲು, ತಿಳ್ಕೊ" ಎಂದ. "ನೆಟ್ಗಿರೋ ಯೋಜ್ನೆ ಆಗಿದ್ರೆ ಇಲ್ಲೀಗಂಟ ಬತ್ತಿತ್ತಾ?" ಎಂದ ಚಿಕ್ಕಣ್ಣ. ಎಳನೀರಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇದನ್ನು ನೆನೆದಾಗಲೆಲ್ಲ ನನ್ನನ್ನು ಕಾಡುವುದು ಅವರ ಸುಳ್ಳಲ್ಲ, ಅವರ ನಿಜವಾದ ಅಕ್ಕರೆ. ಕೇಡು ಬಗೆಯುವವರನ್ನು ದೂರವಿಡಬಹುದು. ನಮ್ಮನ್ನು ಉಳಿಸುತ್ತೇವೆಂದು ಪೈಪೋಟಿಗೆ ನಿಂತವರಿಂದ ತಪ್ಪಿಸಿಕೊಳ್ಳುವುದು ಹೇಗೆ? ಯೋಜನೆ ತೆಗೆಯುತ್ತೇವೆ ಎನ್ನುವವರನ್ನೂ ತೆಗೆಯಲು ಬಿಡೆವು ಎನ್ನುವವರನ್ನೂ ಕೇಳುವಾಗ ನನಗೀಗ ಕಾಣುವುದು ಕೆತ್ತಿದ ಎರಡು ಎಳನೀರಿನ ಬುರುಡೆಗಳು, ನಡುವೆ ಬೇಡವೆನ್ನಲಾಗದ ಒಂದು ಬಾಯಿ.

ಮರುದಿನ ಅಕ್ಕ ದಿಂಬಿಗೊರಗಿ ಕುಳಿತಿದ್ದಳು. ನಾನು ಧೈರ್ಯ ಹೇಳಿದೆ: "ಇನ್ಮೇಲೆ ಯಾರ್ ಏನ್ ಕೊಟ್ರೂ ಬ್ಯಾಡ ಅನ್ನಕ್ಕ. ಯೋಜ್ನೆ ಬದ್ಲಾದ್ರೂ ಡಯಾಲಿಸಿಸ್ ನಿಲ್ಸಲ್ಲ."

ಅವಳು ನನ್ನ ಮುಖ ನೋಡಿದಳು. ಛತ್ರದಲ್ಲಿ ಮೈದುನನನ್ನು ನೋಡಿದ್ದೂ ಹೀಗೆಯೇ.

"ಈ ಮಾತ ಯಾರ್ ಏಳ್ಕಳ್ಸುದ್ರು? ಬೋರಣ್ಣನಾ, ಚಿಕ್ಕಣ್ಣನಾ?"

"ಯಾರೂ ಇಲ್ಲ. ನಾನೇ ಏಳ್ತಿರೋದು."

"ನಿಂಗ್ ಯಾರ್ ಏಳುದ್ರು?"

ಯೋಚಿಸಿದೆ. ಫೋನಿನಲ್ಲಿ ಎಲ್ಲೋ ಓದಿದ್ದೆ. ಯಾರು ಕಳಿಸಿದ್ದು, ಯಾವ ಕಡೆಯವರು ಬರೆದದ್ದು, ಒಂದೂ ನೆನಪಾಗಲಿಲ್ಲ.

ಅಷ್ಟರಲ್ಲಿ ಅವಳು ಅತ್ತ ಹೋಗುತ್ತಿದ್ದ ನರ್ಸನ್ನು ಕರೆದು ತನ್ನ ಮುಂದಿನ ಪಾಳಿ ಯಾವಾಗ ಎಂದು ಕೇಳಿದಳು. ನರ್ಸು ನಿಂತು, ಸಮಾಧಾನವಾಗಿಯೇ ಹೇಳಿದರು. ಅಕ್ಕ ತಲೆಯಾಡಿಸಿದಳು. ಅವರು ಆಚೆ ಹೋದ ಮೇಲೆ, ಆ ಮಾತನ್ನೂ ನಂಬದವಳಂತೆ ಪಕ್ಕದ ಹಾಸಿಗೆಯ ಹೆಂಗಸಿನ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಕೇಳಿದಳು.