ರಾಗಿಯೊಳಗಿನ ಬಿಳಿ ವೈನು

ಮಾಲೂರಿನ ಹತ್ತಿರ ನಮ್ಮಪ್ಪನಿಗೆ ಮುಕ್ಕಾಲು ಎಕರೆ ದ್ರಾಕ್ಷಿ ಚಪ್ಪರವಿತ್ತು. ಅನಾಬ್‌ಶಾಹಿ ಎಂಬ ಬಿಳಿ ದ್ರಾಕ್ಷಿ, ಹೈದರಾಬಾದಿನ ಕಡೆಯಿಂದ ಬಂದ ಬಳ್ಳಿ. ಮಳೆಗೆ ಬಿರಿದ ಹಣ್ಣನ್ನು ಸಂತೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಪ್ಪ ಅದನ್ನು ಹಿಂಡಿ, ಸಿಪ್ಪೆ ಬೀಜ ಸೋಸಿ, ಸಕ್ಕರೆಯ ಜೊತೆ ಒಂದು ಹಿಡಿ ಗೋಧಿ ಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ವೈನಿಗಿಡುತ್ತಿದ್ದರು. ಕೆ.ಜಿ.ಎಫ್.ನ ನರ್ಸಮ್ಮ ಒಬ್ಬರು ಹೇಳಿಕೊಟ್ಟ ವಿದ್ಯೆ ಅದು.

ಎಪ್ಪತ್ತರ ದಶಕದ ಕೊನೆಗೆ ನನ್ನನ್ನು ಶ್ರೀನಿವಾಸಪುರಕ್ಕೆ ಮದುವೆ ಮಾಡಿಕೊಟ್ಟರು. ಮೊದಲ ಆಷಾಢಕ್ಕೆ ತವರಿಗೆ ಹೋಗಿ ಹಿಂತಿರುಗುವಾಗ ಅಪ್ಪ ಒಂದು ಬಾಟಲಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟರು. ನಮ್ಮತ್ತೆಗೋ ಹಾಲಿನವಳ ಮೇಲೂ ಅನುಮಾನ, ಬೆಕ್ಕಿನ ಮೇಲೂ ಅನುಮಾನ. ಬಾಟಲಿಯನ್ನು ರಾಗಿ ತುಂಬಿದ ಗುಡಾಣದಲ್ಲಿ ಹೂತಿಟ್ಟೆ. ತಣ್ಣಗಿರಲಿ ಅಂತ ಇಟ್ಟೆ ಎಂದು ಯಜಮಾನರಿಗೆ ಹೇಳಿದೆ. ನಿಜವಾಗಿ ಹೆದರಿ ಇಟ್ಟಿದ್ದೆ.

ಅತ್ತೆ ಯಲ್ದೂರಿನ ಮಾವಿನ ತೋಟಕ್ಕೆ ಹೋದ ದಿನಗಳಲ್ಲಿ ನಾವಿಬ್ಬರೂ ಲೋಟದ ತಳ ಮುಚ್ಚುವಷ್ಟು ಕುಡಿಯುತ್ತಿದ್ದೆವು. ಮೊದಲು ಹುಳಿ, ಆಮೇಲೆ ದ್ರಾಕ್ಷಿ ಸಿಪ್ಪೆಯ ಸಣ್ಣ ಒಗರು, ನುಂಗಿದ ಮೇಲೆ ಜೇನಿನ ವಾಸನೆ. ಉಪ್ಸಾರಿನ ಖಾರಕ್ಕೆ ಅದು ಸುತರಾಂ ಒಗ್ಗಲಿಲ್ಲ, ನಾಲಿಗೆ ಉರಿದುಹೋಯಿತು. ಬೇಯಿಸಿದ ಕಡಲೆಕಾಯಿಗೆ ಪರವಾಗಿಲ್ಲ. ದೇವರಾಯಸಮುದ್ರದ ಕೆರೆ ಮೀನನ್ನು ಬರೀ ಉಪ್ಪು, ಅರಿಶಿನ ಸವರಿ ಹುರಿದಾಗ ಮಾತ್ರ ಎರಡೂ ಹೇಳಿಮಾಡಿಸಿದ ಜೋಡಿ. ನಮ್ಮ ಹಾಗೆ ಎಂದು ಯಜಮಾನರು ನಕ್ಕಿದ್ದರು. ಆ ನಗುವನ್ನು ನಾನು ನಂಬಿದ್ದೆ.

ಒಂದು ಬೆಳಿಗ್ಗೆ ರಾಗಿ ತೆಗೆಯಲು ಕೈ ಹಾಕಿದ ಅತ್ತೆಗೆ ಬಾಟಲಿ ಸಿಕ್ಕಿತು. ತಳದಲ್ಲಿ ಬಿಳೀ ಗಸಿ ನಿಂತಿತ್ತು. ಅಷ್ಟು ಸಾಕಾಯಿತು. ಗಂಡನನ್ನು ಬುಟ್ಟಿಗೆ ಹಾಕಿಕೊಳ್ಳಲು ಸೊಸೆಯರು ಊಟದಲ್ಲಿ ಮದ್ದು ಬೆರೆಸುತ್ತಾರೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಮಗ ಈಚೆಗೆ ನನ್ನ ಅಡುಗೆ ಹೊಗಳುತ್ತಿದ್ದುದಕ್ಕೂ ಆಗ ಅರ್ಥ ಸಿಕ್ಕಿತು. ದ್ರಾಕ್ಷಿಯ ಕತೆಯೆಲ್ಲ ಹೇಳಿದೆ. ಅವರೆದುರೇ ಒಂದು ಗುಟುಕು ಕುಡಿದೆ.

“ಕುಡ್ದು ತೋರ್ಸೋಳು ಬಚ್ಚಿಟ್ಟಿದ್ಯಾಕಮ್ಮಾ?” ಎಂದರು ಅತ್ತೆ. “ಬೆಳ್ಳಗಿರೋದೆಲ್ಲ ಹಾಲಲ್ಲ.”

ಅದಕ್ಕೆ ಉತ್ತರವಿದ್ದವರು ಬಾಗಿಲಲ್ಲೇ ನಿಂತಿದ್ದರು. ನಾನೂ ಕುಡಿದಿದ್ದೀನಿ, ಅದು ಬರೀ ವೈನು ಎಂದು ಯಜಮಾನರು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಚಪ್ಪಲಿ ಮೆಟ್ಟಿಕೊಂಡು ಆಫೀಸಿಗೆ ಹೋದರು. ಅವತ್ತಿನಿಂದ ಅತ್ತೆ ತಮ್ಮ ಅನ್ನ ತಾವೇ ಬೇಯಿಸಿಕೊಂಡರು. ಅದನ್ನು ಹೇಗೋ ಸಹಿಸಿದೆ. ಅಮ್ಮನ ಬಾಯಿಗೆ ಹೆದರಿದ್ದಾರೆ, ಮನಸ್ಸಿನಲ್ಲಿ ನನ್ನ ಕಡೆಯೇ ಇದ್ದಾರೆ ಎಂದುಕೊಂಡಿದ್ದೆ.

ಮುಂದಿನ ಭಾನುವಾರ ಅಮ್ಮ ಮಗ ಇಬ್ಬರೂ ಮುಳಬಾಗಿಲಿನ ಬಸ್ಸು ಹತ್ತಿದರು. ನಂಗಲಿಯ ಹತ್ತಿರ ಮದ್ದು ಕಕ್ಕಿಸುವ ಮುದುಕನೊಬ್ಬನಿದ್ದ. ಮೀನಿನ ಜೊತೆ ಲೋಟ ಖಾಲಿ ಮಾಡಿದ್ದ ಯಜಮಾನರು ಆ ಮುದುಕ ಕೊಟ್ಟ ಸೊಪ್ಪಿನ ರಸ ಕುಡಿದು, ವಾಂತಿ ಮಾಡಿ, ಮುಖ ಬಿಳಿಚಿಕೊಂಡು ಬಂದರು. ಮದ್ದು ಗಂಟು ಗಂಟಾಗಿ ಬಿತ್ತು ಎಂದು ಅತ್ತೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಅಮ್ಮನ ಸಮಾಧಾನಕ್ಕೆ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಮಧ್ಯಾಹ್ನ ಅತ್ತೆ ತೋಟಕ್ಕೆ ಹೋಗಿದ್ದರು. ಯಜಮಾನರು ಆಫೀಸಿನಿಂದ ಊಟಕ್ಕೆ ಬಂದರು, ಮನೆಯಲ್ಲಿ ನಾವಿಬ್ಬರೇ. ಬಿಸಿ ಮುದ್ದೆ, ಅವರೆಕಾಳು ಸಾರು ಬಡಿಸಿದೆ. ಅವರು ಮುದ್ದೆ ಮುರಿದರು, ಸಾರಿನಲ್ಲಿ ಅದ್ದಿದರು, ಬಾಯಿಗಿಡಲಿಲ್ಲ. ತುತ್ತನ್ನು ನನ್ನ ಕಡೆ ಚಾಚಿದರು.

“ಮೊದ್ಲು ನೀನ್ ಒಂದ್ ತುತ್ತು ತಗೋ.”

ಗಂಡ ಉಣ್ಣುವ ಮೊದಲು ಹೆಂಡತಿ ಬಾಯಿಗಿಡದ ಮನೆ ಅದು. ಹಿಂದಿನ ತಿಂಗಳಾಗಿದ್ದರೆ ಅದನ್ನು ಪ್ರೀತಿ ಎಂದುಕೊಳ್ಳುತ್ತಿದ್ದೆ. ತುತ್ತು ನುಂಗಿದೆ. ಅವರು ನನ್ನ ಗಂಟಲನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಕಾದು, ಆಮೇಲೆ ಊಟ ಶುರು ಮಾಡಿದರು.