ಒಲೆಯೊಳಗೆ ಹೋಗಿ ಬಂದ ಮಣ್ಣು

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ, ಏಳನೆಯ ಇಯತ್ತೆಯ ಪುಸ್ತಕಗಳಿಗೆ ರಟ್ಟು ಹಾಕಿಸಿದ ತಿಂಗಳಲ್ಲೇ. ಆಮೇಲೆ ಬ್ಯಾಡಗಿಯ ಮೆಣಸಿನಕಾಯಿ ಕಣದಲ್ಲಿ ಬೆಳೆದೆ. ಈಗ ವಿಶಾಖಪಟ್ಟಣದಲ್ಲಿ ಖಾನಾವಳಿ ನಡೆಸುತ್ತೇನೆ. ವರ್ಗವಾಗಿ ಬಂದ ನಮ್ಮ ಕಡೆಯ ಬ್ಯಾಂಕಿನವರು ಜೋಳದ ರೊಟ್ಟಿಗಾಗಿ ನನ್ನ ಬಾಗಿಲಿಗೇ ಬರುತ್ತಾರೆಂಬ ಜಂಬ ನನಗಿದೆ, ಮುಚ್ಚಿಡುವುದಿಲ್ಲ. ರೊಟ್ಟಿಯ ಪಕ್ಕ ಹಸಿ ಹಕ್ಕರಕಿ ಸೊಪ್ಪಿಲ್ಲದಿದ್ದರೆ ಅದೆಂಥ ಊಟ? ಅದಕ್ಕೆಂದೇ ಅನಕಾಪಲ್ಲಿಯ ಬಳಿ ತುಂಡು ಹೊಲ ಗುತ್ತಿಗೆ ಹಿಡಿದು, ಊರಿನಿಂದ ಬೀಜ ತರಿಸಿ ಬಿತ್ತಿದೆ.

ಸೊಪ್ಪು ಗೇಣುದ್ದ ಬಂದಾಗ ತಿಳಿಯಿತು, ಹಿಂದಿನ ಗುತ್ತಿಗೆದಾರ ಅಲ್ಲಿ ಬದನೆ ಬೆಳೆದು ವಾರ ತಪ್ಪದೆ ಔಷಧಿ ಹೊಡೆದಿದ್ದನಂತೆ. ಇದೋ ಬೆಂಕಿ ಕಾಣದೆ ಬಾಯಿಗೆ ಹೋಗುವ ಎಲೆ. ಬಡಿಸಲೋ ಬೇಡವೋ ಎಂದು ತಿಳಿಯದೆ ಹೊಲದ ಮಣ್ಣು ತಂದು ಎರಡು ಪಾಲು ಮಾಡಿದೆ. ಒಂದನ್ನು ಅಂದೇ ಹೆಂಡತಿಯ ಅಣ್ಣ ವಿಜಯವಾಡದ ಪ್ರಯೋಗಾಲಯಕ್ಕೆ ಒಯ್ದ. ಇನ್ನೊಂದನ್ನು, ನಮ್ಮಲ್ಲೇ ಉಣ್ಣುವ ಧಾರವಾಡದ ಹುಡುಗಿ ಶ್ವೇತಾ ಕೆಲಸ ಮಾಡುವ ಇಲ್ಲಿಯ ಪ್ರಯೋಗಾಲಯಕ್ಕೆ ಕೊಟ್ಟೆ. ಕೊಡುವ ಮುನ್ನ ಮಾಳಿಗೆಯ ಮೇಲೆ ಹರವಿ, ಕೈಯಾಡಿಸಿ, ಚೆನ್ನಾಗಿ ಒಣಗಿಸಿದೆ. ಹಸಿ ಮಾಲನ್ನು ಪರರ ಕೈಗಿಡುವುದು ಕಣದಲ್ಲಿ ಬೆಳೆದವನಿಗೆ ಅವಮಾನವಲ್ಲವೇ, ಸ್ನೇಹಿತರೇ?

ವಿಜಯವಾಡದವರು ಮಣ್ಣನ್ನು ದ್ರಾವಕದಲ್ಲಿ ಗಂಟೆಗಟ್ಟಲೆ ಕುಲುಕಿ, ವಿಷ ಇದೆ ಎಂದರು. ಇಲ್ಲಿಯವರು ದ್ರಾವಕದೊಡನೆ ಮುಚ್ಚಿದ ಪಾತ್ರೆಯಲ್ಲಿಟ್ಟು ಮೈಕ್ರೋವೇವ್ ಒಲೆಯಲ್ಲಿ ಕೆಲವೇ ನಿಮಿಷ ಕಾಯಿಸಿ, ಸಿಗಲಿಲ್ಲ ಎಂದರು. ಶ್ವೇತಾಳನ್ನು ಕೇಳಿದರೆ, ಕೆಲವು ಔಷಧಿ ಆ ಕಾವನ್ನು ತಾಳುತ್ತವೆ, ಕೆಲವು ಅಲ್ಲೇ ಒಡೆದು ಹೋಗುತ್ತವೆ, ನಿಮ್ಮ ಹೊಲದ ಕೆಂಪು ಮಣ್ಣಿನಲ್ಲಿ ಹೇಗೋ ಇನ್ನೂ ನೋಡಿಲ್ಲ ಎಂದಳು. ನಾನಂತೂ ಚೆನ್ನಾಗಿ ಒಣಗಿಸಿಯೇ ಕೊಟ್ಟಿದ್ದೆ ಎಂದು ಎದೆಯುಬ್ಬಿಸಿ ಹೇಳಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಬಿಸಲಾಗ ಒಣಗಿಸಿದ್ರಾ ಕಾಕಾ? ಹಂಗಾರ ವಿಷಾನ ಬಿಸಲು ತಿಂತೋ, ಒಲಿ ತಿಂತೋ, ನಾ ಹೆಂಗ ಹೇಳಲಿ?"

ಅಂದಿನಿಂದ ನನ್ನ ತಲೆ ಗಿರಣಿಯಾಗಿದೆ. ಹುಡುಕಲು ಹಚ್ಚಿದ ಕಾವೇ ಹುಡುಕುತ್ತಿರುವುದನ್ನು ಕರಗಿಸಿಬಿಟ್ಟರೆ, ಸಿಗಲಿಲ್ಲವೆಂಬ ಮಾತಿಗೆ ನೆಮ್ಮದಿಪಡಬೇಕೋ ಹೆದರಬೇಕೋ? ಮೆಣಸಿನಕಾಯಿಯ ಖಾರ ನೋಡಲು ನಾವೂ ಹುರಿಯುತ್ತಿದ್ದೆವು. ಮನೆಯೆಲ್ಲ ಕೆಮ್ಮಿಸಿದ ಆ ಘಾಟು ಕಾಯಿಯಲ್ಲಿ ಉಳಿಯಿತೇ, ಹೋಯಿತೇ ಎಂದು ಒಬ್ಬರೂ ಕೇಳಿದವರಲ್ಲ.

ದಾರಿಯೊಂದಿದೆ ಎಂದಳು ಶ್ವೇತಾ. ಔಷಧಿ ಕಾಣದ ಅದೇ ಜಾತಿಯ ಮಣ್ಣು ತಂದರೆ, ಅದಕ್ಕೆ ಅಳೆದು ವಿಷ ಬೆರೆಸಿ, ಒಲೆಯಿಂದ ಎಷ್ಟು ಮರಳಿ ಬರುತ್ತದೆಂದು ನೋಡಬಹುದಂತೆ. ಒಂದು ಚೀಲ ತರುತ್ತೇನೆ, ಅದೇನು ಮಹಾ ಎಂದುಬಿಟ್ಟೆ. ಬದುವಿನಿಂದ ಬದುವಿಗೆ ಅಲೆದೆ. ಔಷಧಿ ಹೊಡೆಯದ ಹೊಲ ಎಲ್ಲಿಯದು ಸಾರ್ ಎಂದು ಒಬ್ಬ ರೈತ ತೆಲುಗಿನಲ್ಲಿ ಕೇಳಿ, ನನ್ನ ಚೀಲ ನೋಡಿ ನಕ್ಕ.

"ಪ್ಯಾಟಿ ಸೊಪ್ಪಿನ ಮಣ್ಣು ಯಾರು ಕೇಳ್ತಾರಂಡಿ? ತೊಳದು ಬಡಸ್ರಿ," ಎನ್ನುತ್ತಾಳೆ ಹೆಂಡತಿ, ಇಲ್ಲಿಯ ತೆಲುಗಿನ 'ಅಂಡಿ' ಅವಳ ಮಾತಿಗೆ ಅಂಟಿಕೊಂಡು ವರ್ಷಗಳಾದವು. ನಿನ್ನೆ ಬ್ಯಾಂಕಿನ ಮ್ಯಾನೇಜರರು ತಟ್ಟೆ ನೋಡಿ, "ಏನ್ರೀ ಸಾಹುಕಾರ್ರ, ಹಕ್ಕರಕಿಗೂ ವರ್ಗಾ ಆತೇನು?" ಎಂದರು. ನಕ್ಕು, ಸಂತೆಯಿಂದ ತಂದ ಸೌತೆಕಾಯಿ ಹೆಚ್ಚಿ ಇಟ್ಟೆ. ಅದು ಯಾವ ಮಣ್ಣಿನದೆಂದು ಅವರು ಕೇಳಲಿಲ್ಲ. ತರುವಾಗ ನಾನೂ ಕೇಳಿರಲಿಲ್ಲ.

ಈಗ ನನ್ನಲ್ಲಿರುವುದು ಇಷ್ಟು: ವರದಿ ಎರಡು, ಕೊಯ್ಯದೆ ಹೂವಿಗೆ ಬಂದ ಹಕ್ಕರಕಿ ಮಡಿ ಆರು, ಖಾಲಿ ಚೀಲ ಒಂದು.