ಎದೆಗೆ ಚುಚ್ಚಿದ ನೋಟು

ಮೊಮ್ಮಗಳ ಸಾಲೆಯಲ್ಲಿ ಓಟದ ಪಂದ್ಯ. ಎದೆಯ ಮೇಲೆ ನಂಬರಿನ ಬಟ್ಟೆ ಸಿಕ್ಕಿಸಲು ನಾಲ್ಕು ಪಿನ್ನು ಬೇಕೆಂದಳು. ಹಳೆಯ ಡಬ್ಬಿ ತೆಗೆದೆ. ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಅವನು ಕೊಟ್ಟ ಪಿನ್ನುಗಳು ಬಿದ್ದಿದ್ದವು...

ಐವತ್ತು ವರ್ಷದ ಹಿಂದಿನ ಮಾತು. ಸಿರುಗುಪ್ಪದಲ್ಲಿ ಅವನು ನಮ್ಮ ಪಕ್ಕದ ಮನೆಯವನು. ನನ್ನ ಗಂಡನೂ ಅವನೂ ಒಂದೇ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದರು. ಮಿಲ್ಲಿನ ಸಾಹುಕಾರನಿಗೆ ಫುಟ್‌ಬಾಲ್ ಹುಚ್ಚು. ಸ್ವಂತ ಟೀಮು ಕಟ್ಟಿದ್ದ. ಅದರಲ್ಲಿ ಈ ಪಕ್ಕದ ಮನೆಯವನದು ಗೋಲಿನ ಹತ್ತಿರ ಯಾರನ್ನೂ ಬಿಡದ ಕೆಲಸ. ಆಡುತ್ತಿದ್ದನೆಂದೇ ವರ್ಷವಿಡೀ ಕೂಲಿ ಸಿಗುತ್ತಿತ್ತು. ಉಳಿದವರಿಗೆ ಸುಗ್ಗಿಯಲ್ಲಿ ಮಾತ್ರ.

ಒಮ್ಮೆ ಕುರುಗೋಡಿನವರ ಜೊತೆ ಆಟ. ಇವನ ಕಾಲಿಗೆ ಸಿಕ್ಕಿ ಅವರ ಕಡೆಯ ಒಬ್ಬ ಟೈಲರ್ ಬಿದ್ದ. ಮೊಣಕಾಲು ಅಡ್ಡ ತಿರುಗಿತ್ತು. ಹೊತ್ತುಕೊಂಡು ಹೋದರು. ಇವನು ಬೇಕಂತ ಮಾಡಿದ್ದಲ್ಲ. ಆದರೆ ಸಾಹುಕಾರ ಎದ್ದು ಬಂದ. ಬಯಲಾಟದಲ್ಲಿ ಭೀಮನ ಪಾತ್ರದವನಿಗೆ ಮೆಚ್ಚಿ ನೋಟು ಸಿಕ್ಕಿಸುತ್ತಾರಲ್ಲ, ಹಾಗೆ ಇವನ ಬನಿಯನ್ನಿಗೆ ಹತ್ತು ರೂಪಾಯಿ ಇಟ್ಟು ಪಿನ್ನು ಚುಚ್ಚಿದ. ಜನ ಸಿಳ್ಳೆ ಹೊಡೆದರು. ಅಂದಿನಿಂದ ಅದೇ ಪದ್ಧತಿಯಾಯಿತು. ಎದುರಿನವನು ಬಿದ್ದು ಎದ್ದರೆ ಐದು, ಹೊತ್ತುಕೊಂಡು ಹೋದರೆ ಹತ್ತು.

ನೋಟು ತಾಯಿಗೆ, ಪಿನ್ನು ನನಗೆ. "ಸೆರಗಿಗೆ ಹಾಕ್ಕೋ ಯಕ್ಕಾ, ನಿನ್ನ ಪಾಲು" ಎಂದು ನಗುತ್ತಿದ್ದ. ಅವನ ತಾಯಿಗೆ ದಮ್ಮು. ಮಾತ್ರೆ ಆ ನೋಟಿನಲ್ಲೇ ಬರುತ್ತಿದ್ದವು.

ಕೆಲವು ತಿಂಗಳಾದ ಮೇಲೆ ಒಂದು ಅಂಗಿ ಬಟ್ಟೆ ಹಿಡಿದು ಕುರುಗೋಡಿನ ಬಸ್ಸು ಹತ್ತಿದ. ಆ ಟೈಲರನನ್ನು ನೋಡಬೇಕಿತ್ತು, ಅಂಗಿ ನೆಪ. ಕಾಲು ಮಡಚಲು ಬರುತ್ತಿರಲಿಲ್ಲವಂತೆ; ಮಷೀನು ಹೆಂಡತಿ ತುಳಿಯುತ್ತಿದ್ದಳಂತೆ. ಟೈಲರ್ ಗುರುತು ಹಿಡಿದರೂ ಬೈಯಲಿಲ್ಲ. ಎದೆಯ ಅಳತೆ ತೆಗೆದುಕೊಂಡು, "ಕಿಸೆ ಎಷ್ಟು ದೊಡ್ಡದು ಇಡ್ಲೆಪಾ? ಓ, ನಿನಗ್ಯಾಕ ಕಿಸೆ, ನಿನಗ ಹೊರಗ ಸಿಗಿಸ್ತಾರ" ಎಂದನಂತೆ.

ಬಂದವನು ನಳದ ಹತ್ತಿರ ಇದನ್ನೆಲ್ಲ ನನಗೆ ಹೇಳಿ ಕುಕ್ಕರಿಸಿದ.

"ಬಿಟ್ ಬಿಡೋ ತಮ್ಮಾ" ಎಂದೆ.

"ಆಟ ಬಿಟ್ರ ಮಿಲ್ಲು ಬಿಟ್ಟಂಗ. ಅವ್ವನ್ನ ಏನು ಮಾಡ್ಲಿ, ಹೇಳು."

ನಾನು ಕೊಡವನ್ನು ನಳದ ಕೆಳಗೆ ಸರಿಸಿದೆ. "ಆಡ್ತೀನಿ, ಯಾರ್ನೂ ಬೀಳಸಂಗಿಲ್ಲ" ಎಂದ ಅವನೇ. ನಾನು ಕೊಡ ತುಂಬಿಸಿಕೊಂಡು ಬಂದೆ.

ಮುಂದಿನ ಆಟ ಬಳ್ಳಾರಿಯಲ್ಲಿ. ದುರ್ಗಮ್ಮನ ಗುಡಿಯ ದರ್ಶನವೂ ಆಗುತ್ತದೆಂದು ಹೆಂಗಸರೂ ಲಾರಿ ಹತ್ತಿದ್ದೆವು. ಈ ಸಲ ಸಾಹುಕಾರ ಆಟಕ್ಕೆ ಮೊದಲೇ ನೋಟು ಸಿಕ್ಕಿಸಿದ. ಇವನು ತೆಗೆಯಲು ಕೈ ಎತ್ತಿದ. ಸಾಹುಕಾರ ಬೆನ್ನು ತಟ್ಟಿ, "ಇರ್ಲಿ ಬಿಡು, ಮಂದಿ ನೋಡಾಕತ್ತಾರ" ಎಂದ.

ಅರ್ಧ ಆಟದವರೆಗೆ ಇವನು ಯಾರನ್ನೂ ಮುಟ್ಟಲಿಲ್ಲ. ನೋಟು ಎದೆಯ ಮೇಲೆ ಪಟಪಟ ಹೊಡೆದುಕೊಳ್ಳುತ್ತಿತ್ತು. ನಮ್ಮೂರಿನವರೇ, "ಏ ಭೀಮಾ, ಮುಂಗಡ ತಿಂದು ಮಲಗಿದೇನಲೇ" ಎಂದು ಕೂಗಿದರು. ಆಮೇಲೆ ಬಳ್ಳಾರಿಯ ಹುಡುಗನೊಬ್ಬ ಚೆಂಡು ತಂದ... ಆ ಹುಡುಗ ಏಳಲಿಲ್ಲ, ಹೊತ್ತುಕೊಂಡು ಹೋದರು.

ವಾಪಸು ಬರುವಾಗ ಲಾರಿಯಲ್ಲಿ ಇವನು ನಮ್ಮ ಹತ್ತಿರ ಬಂದು ಕೂತ. "ಬ್ಯಾಡ ಅಂತನ ಇದ್ದೆ ಯಕ್ಕಾ. ಕಾಲು ಕೇಳ್ಲಿಲ್ಲ" ಎಂದ. ನೋಟನ್ನು ಪಿನ್ನಿನ ಸಮೇತ ನನ್ನ ಕೈಗಿಟ್ಟ. ನಾನೇನು ಮಾಡಲಿ? ಪಿನ್ನು ಬಿಚ್ಚಿಕೊಂಡು ನೋಟನ್ನು ಅವನ ತಾಯಿಗೆ ಕೊಟ್ಟೆ. ಮರುದಿನ ಮಾತ್ರೆ ಬಂದವು.

ತಾಯಿ ಬಹಳ ದಿನ ಉಳಿಯಲಿಲ್ಲ. ಅವನ ಮೊಣಕಾಲೂ ಹೋಯಿತು. ಯಾವುದೋ ಊರಿನ ಆಟದಲ್ಲಿ ಯಾರೋ ಬೀಳಿಸಿದರು. ಬೀಳಿಸಿದವನಿಗೆ ಎಷ್ಟು ಸಿಕ್ಕಿತೋ... ಮಿಲ್ಲಿನಲ್ಲಿ ಅವನ ಚೀಲ ಬೇರೆಯವನ ಬೆನ್ನಿಗೆ ಹೋಯಿತು. ಆದೋನಿ ಕಡೆ ಹೋದ ಅಂದರು. ಸತ್ತ ಸುದ್ದಿ ನಮಗೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ತಿಂಗಳಾಗಿತ್ತು. ಮುಖ ನೋಡಲಿಲ್ಲ.

ತುಕ್ಕು ಬಟ್ಟೆಗೆ ಹತ್ತುತ್ತದೆಂದು ಡಬ್ಬಿ ಮುಚ್ಚಿ, ಅಂಗಡಿಯಿಂದ ಹೊಸ ಪಿನ್ನು ತರಿಸಿದೆ. ನಂಬರು ಸಿಕ್ಕಿಸುತ್ತಿರುವಾಗ ಮೊಮ್ಮಗಳು ಕೇಳಿದಳು: "ಫಸ್ಟ್ ಬಂದ್ರ ಏನು ಕೊಡ್ತಿ ಅಜ್ಜಿ?"

"ಏನೂ ಕೊಡಂಗಿಲ್ಲ. ಹೋಗು" ಎಂದೆ.

ಮುಖ ಊದಿಸಿಕೊಂಡು ಹೋದಳು.